208 ಪುಟದ ಲೆಕ್ಕ: ಕಾದಂಬರಿಯನ್ನು ನಾನೇ ಹೊರತಂದ ಬಗೆ

ಸ್ವಂತವಾಗಿ ಕಾದಂಬರಿ ಅಚ್ಚು ಹಾಕಿಸಬೇಕೆಂದು ಹೊರಟವರು ಮೊದಲು ಕೇಳುವುದು ಖರ್ಚಿನ ಬಗ್ಗೆ. ನಾನು ಮೊದಲು ನೋಡುವುದು ತೂಕವನ್ನು. ಇವತ್ತಿನ ಓದುಗರಿಗೆ ಪುಸ್ತಕದ ಸುದ್ದಿ ಸಿಗುವುದು ಫೋನಿನಲ್ಲಿ, ಅವರು ಹಣ ಕಳಿಸುವುದೂ ಫೋನಿನಲ್ಲೇ, ಪುಸ್ತಕ ತಲುಪುವುದು ಅಂಚೆಯಲ್ಲಿ. ಹಾಗಾಗಿ ಕಟ್ಟಿದ ಪೊಟ್ಟಣ 300 ಗ್ರಾಂ ಒಳಗಿರಬೇಕು ಎನ್ನುವುದರಿಂದಲೇ ನನ್ನ ಎಲ್ಲ ತೀರ್ಮಾನಗಳು ಹುಟ್ಟುತ್ತವೆ.

ಅಂಚೆ ಇಲಾಖೆಯ ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ ತಿಂಗಳಲ್ಲಿ ಪುಸ್ತಕ ಕಳಿಸಲೆಂದೇ ಜ್ಞಾನ ಪೋಸ್ಟ್ ಎಂಬ ಸೇವೆ ಬಂತು. ಅದರಲ್ಲಿ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ವ್ಯಾಪಾರಿ ಸ್ವರೂಪದ ಪ್ರಕಟಣೆಗಳಿಗೆ, ಜಾಹೀರಾತು ತುಂಬಿದವಕ್ಕೆ ಈ ಸೌಲಭ್ಯ ಇಲ್ಲ. ಕೊನೆಯ ಪುಟದಲ್ಲಿ ಪರಿಚಯದ ಅಂಗಡಿಯ ಜಾಹೀರಾತು ಹಾಕಿ ನಾಲ್ಕು ಕಾಸು ಉಳಿಸುವ ಯೋಚನೆಯಿದ್ದರೆ ಈ ಕಾರಣಕ್ಕೇ ಬಿಡಿ.

ಕನ್ನಡ ಕಾದಂಬರಿಗೆ ರೂಢಿಯ ಅಳತೆ ಡೆಮಿ 1/8, ಅಂದರೆ 5.5 × 8.5 ಇಂಚು. ಕಾಗದದ ಒಂದು ಚದರ ಮೀಟರ್ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿಎಸ್‌ಎಂ. ಡೆಮಿ ಅಳತೆಯಲ್ಲಿ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದ ಒಂದು ಹಾಳೆ ಸುಮಾರು 2.1 ಗ್ರಾಂ ತೂಗುತ್ತದೆ. 208 ಪುಟಕ್ಕೆ 104 ಹಾಳೆ, ಅಂದರೆ 219 ಗ್ರಾಂ. 300 ಜಿಎಸ್‌ಎಂ ರಕ್ಷಾಪುಟ, ಲ್ಯಾಮಿನೇಶನ್, ಅಂಟು ಸೇರಿ 22 ಗ್ರಾಂ. ಪ್ಯಾಕಿಂಗ್ 28 ಗ್ರಾಂ. ಒಟ್ಟು ಸುಮಾರು 270 ಗ್ರಾಂ. ಅದೇ ಪುಸ್ತಕವನ್ನು 80 ಜಿಎಸ್‌ಎಂನಲ್ಲಿ ಹಾಕಿಸಿದರೆ ಒಳಪುಟಗಳೇ 251 ಗ್ರಾಂ ಆಗಿ, ಪೊಟ್ಟಣ 300ರ ಗೆರೆ ದಾಟುತ್ತದೆ. ಜೊತೆಗೆ, ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟದ ಕಟ್ಟಿಗೆ ಫಾರಂ ಎನ್ನುತ್ತಾರೆ. 208 ಎಂಬುದು ಸರಿಯಾಗಿ 13 ಫಾರಂ. 200 ಪುಟ ಎಂದರೆ ಹನ್ನೆರಡೂವರೆ ಫಾರಂ. ಆ ಅರ್ಧಕ್ಕೂ ಮೆಷಿನ್ ಓಡಿಸಿದ ದರವನ್ನು ಪ್ರೆಸ್ಸಿನವರು ಹಾಕುತ್ತಾರೆ, ಅದು ನ್ಯಾಯವೂ ಹೌದು. 12 ಪಾಯಿಂಟ್ ಅಕ್ಷರದಲ್ಲಿ ಡೆಮಿ ಪುಟಕ್ಕೆ 220ರಿಂದ 240 ಪದ ಹಿಡಿಯುತ್ತದೆ. ಮುನ್ನುಡಿ, ಶೀರ್ಷಿಕೆ ಪುಟಗಳನ್ನು ಕಳೆದರೆ 45,000 ಪದದ ಕಾದಂಬರಿ ಇಲ್ಲಿ ಹಿತವಾಗಿ ಕೂರುತ್ತದೆ.

ಇನ್ನು ಕಡತ. ಹೆಚ್ಚಿನವರ ಕೆಲಸ ಕೆಡುವುದು ಇಲ್ಲಿಯೇ, ಕೆಟ್ಟದ್ದು ಗೊತ್ತಾಗುವುದು ಎರಡು ವರ್ಷದ ನಂತರ. ಲೇಖಕರು ಯೂನಿಕೋಡ್‌ನಲ್ಲಿ, ಅಂದರೆ ಈಗಿನ ಫೋನು, ಕಂಪ್ಯೂಟರುಗಳೆಲ್ಲ ಓದುವ ಅಕ್ಷರ ಸಂಕೇತದಲ್ಲಿ ಬರೆದು ಕೊಡುತ್ತಾರೆ. ಪುಟ ಕಟ್ಟುವವರು ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್‌ ಬಳಸುವವರಾದರೆ ಅದನ್ನು ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಆಸ್ಕಿ ಅಕ್ಷರಕ್ಕೆ (ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಕೂರಿಸಿದ ಹಳೆಯ ಪದ್ಧತಿ) ಬದಲಾಯಿಸಿಕೊಳ್ಳುತ್ತಾರೆ, ಯಾಕೆಂದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಆಮೇಲೆ ಮೂರು ಸುತ್ತು ಕರಡು ತಿದ್ದುವಿಕೆಯೂ ಆ ಆಸ್ಕಿ ಕಡತದಲ್ಲೇ ನಡೆಯುತ್ತದೆ. ಪುಸ್ತಕ ಶುದ್ಧವಾಗಿ ಬರುತ್ತದೆ, ನಿಮ್ಮ ಬಳಿ ಉಳಿದ ಯೂನಿಕೋಡ್ ಪ್ರತಿಯಲ್ಲಿ ಮಾತ್ರ ನೂರಾರು ತಪ್ಪುಗಳು ಹಾಗೆಯೇ ಇರುತ್ತವೆ. ಇ-ಪುಸ್ತಕ ಮಾಡಲು ಹೊರಟಾಗ ಆಸ್ಕಿಯಿಂದ ಮತ್ತೆ ಯೂನಿಕೋಡ್‌ಗೆ ತರಬೇಕು, ತಂದಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಾನ ತಪ್ಪುತ್ತವೆ. ‘ಸೂರ್ಯ’ ಹೋಗಿ ‘ಸೂಯ್ರ’ ಆಗುವುದು ಹೀಗೆ.

ನಾನು ಹಿಡಿದ ಕ್ರಮ ಒಂದೇ: ಯೂನಿಕೋಡ್ ಪ್ರತಿಯೇ ಮೂಲ, ಎಲ್ಲ ತಿದ್ದುಪಡಿಯೂ ಮೊದಲು ಅದಕ್ಕೆ. ಪುಟ ಕಟ್ಟುವುದನ್ನು ಇನ್‌ಡಿಸೈನ್‌ನಲ್ಲಿ ಮಾಡಿಸಿದೆ. ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆಯ್ದುಕೊಂಡರೆ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ, ಆಯ್ದುಕೊಳ್ಳದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಆ ತಂತ್ರಾಂಶ ಇಲ್ಲದವರಿಗೆ ಲಿಬ್ರೆ ಆಫೀಸ್ ಕೂಡ ಕಾದಂಬರಿಯ ಮಟ್ಟಿಗೆ ಸಾಕು. ಅಕ್ಷರವಿನ್ಯಾಸಕ್ಕೆ ನೋಟೋ ಸೆರಿಫ್ ಕನ್ನಡ, ಟೀರೋ ಕನ್ನಡ ಎರಡೂ ಮುಕ್ತ ಪರವಾನಗಿಯವು. ಪುಸ್ತಕಕ್ಕೂ ಇ-ಪುಸ್ತಕಕ್ಕೂ ಯಾರ ಅಪ್ಪಣೆಯೂ ಬೇಡ.

ಮೂಲ ಪ್ರತಿಯಲ್ಲಿ ಹುಡುಕಿ ತೆಗೆಯಬೇಕಾದ ಕಳೆಗಳಿವೆ. ಅರ್ಕಾವತ್ತಿನ ಬದಲು ಒಂಬತ್ತರ ಅಂಕಿ ಒತ್ತಿದ ‘ಕಾಯ೯’, ಅನುಸ್ವಾರದ ಬದಲು ಸೊನ್ನೆಯ ಅಂಕಿ ಒತ್ತಿದ ‘ಕ೦ಡ’, ವಿಸರ್ಗದ ಜಾಗದಲ್ಲಿ ಕೋಲನ್. ಕಾಗದದ ಮೇಲೆ ಇವು ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತವೆ. ಆದರೆ ಫೋನಿನಲ್ಲಿ ಪದ ಹುಡುಕಿದರೆ ಸಿಗುವುದಿಲ್ಲ, ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ‘ಕ ಸೊನ್ನೆ ಡ’ ಎನ್ನುತ್ತದೆ. ಕಣ್ಣು ಮಂಜಾದ ಹಿರಿಯರು, ಕಣ್ಣು ಕಾಣದವರು ಈಗ ಕಾದಂಬರಿ ಕೇಳುವುದೇ ಹೀಗೆ. ಅವರ ಪಾಲಿಗೆ ಇದು ಸಣ್ಣ ತಪ್ಪಲ್ಲ. ‘ಫೇಸ್‌ಬುಕ್’ ಪದದ ‘ಸ್’ ಮತ್ತು ‘ಬು’ ನಡುವೆ ಒತ್ತಕ್ಷರವಾಗದಂತೆ ತಡೆಯುವ ಕಾಣದ ಚಿಹ್ನೆಯೊಂದು ಇರುತ್ತದೆ. ‘ರ‍್ಯಾಂಕ್’ ಪದದಲ್ಲೂ ಅಂಥದೇ ಇನ್ನೊಂದು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಇವು ಉದುರಿಹೋಗಬಹುದು, ಆದ್ದರಿಂದ ಇಂಥ ಪದಗಳ ಪಟ್ಟಿ ಇಟ್ಟುಕೊಂಡು ಕೊನೆಯಲ್ಲಿ ಒಂದೊಂದನ್ನೂ ನೋಡುತ್ತೇನೆ.

ಸಾಲುಗಳ ಅಂತರದಲ್ಲಿ ಜಿಪುಣತನ ಬೇಡ. 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಅಂತರ. ಇದಕ್ಕಿಂತ ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ದೀರ್ಘಕ್ಕೆ ತಾಗುತ್ತದೆ, ಎರಡು ಪುಟ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ನಮ್ಮ ಪದಗಳು ಸಂಧಿ, ವಿಭಕ್ತಿ ಸೇರಿ ಉದ್ದವಾಗುವುದರಿಂದ ಎರಡೂ ಅಂಚು ಸಮ ಮಾಡಿದಾಗ ನಡುವೆ ಬಿಳಿ ಕಂದಕ ಬೀಳುತ್ತದೆ. ಅಂಥ ಕಡೆ ಅಕ್ಷರದ ಗಡಿ ನೋಡಿ ಕೈಯಾರೆ ಪದ ಒಡೆಯಬೇಕು. ಇದಕ್ಕೆ ಮೂರು ದಿನ ಹಿಡಿಯುತ್ತದೆ, ಹಿಡಿಯಲಿ. ಪುಸ್ತಕದ ಬೆನ್ನಿನ ದಪ್ಪವನ್ನು ಊಹಿಸಬೇಡಿ. ಅದೇ ಕಾಗದದ, ಏನೂ ಅಚ್ಚಾಗದ ಮಾದರಿ ಪುಸ್ತಕ (ಡಮ್ಮಿ) ಕಟ್ಟಿಸಿ ಅಳೆದು, ಆಮೇಲೆ ರಕ್ಷಾಪುಟ ಅಂತಿಮ ಮಾಡಿ. ಒಂದು ಮಿಲಿಮೀಟರ್ ತಪ್ಪಿದರೂ ಬೆನ್ನಿನ ಹೆಸರು ಪಕ್ಕಕ್ಕೆ ಸರಿಯುತ್ತದೆ.

ಎಷ್ಟು ಪ್ರತಿ? ಆಫ್‌ಸೆಟ್‌ನಲ್ಲಿ ಪ್ಲೇಟು ಮತ್ತು ಮೆಷಿನ್ ಹೊಂದಿಸುವ ಖರ್ಚು 100 ಪ್ರತಿಗೂ 1,000 ಪ್ರತಿಗೂ ಒಂದೇ. ಡಿಜಿಟಲ್‌ನಲ್ಲಿ ಪ್ರತಿ ಪುಟಕ್ಕೂ ದರ. ನನ್ನ ಕೊಟೇಶನ್‌ಗಳಲ್ಲಿ 300 ಪ್ರತಿಯ ಆಸುಪಾಸಿನಲ್ಲಿ ಎರಡೂ ಸಮವಾಗುತ್ತಿದ್ದವು. ಮನೆಯಲ್ಲಿ ಇಡುವ ಜಾಗ, ಗೆದ್ದಲು, ಮಳೆಗಾಲದ ತೇವ ಎಲ್ಲ ನೋಡಿಕೊಂಡು ನಾನು 500ಕ್ಕೆ ನಿಲ್ಲಿಸಿದೆ. ಲೆಕ್ಕ ಹೀಗೆ: ಅಚ್ಚಿಗೆ ಪ್ರತಿಗೆ 85 ರೂಪಾಯಿ, ಕರಡು ತಿದ್ದಲು 6,000, ಮುಖಪುಟಕ್ಕೆ 5,000, ಪುಟವಿನ್ಯಾಸಕ್ಕೆ 7,000 ಸೇರಿದ 18,000ವನ್ನು 500ಕ್ಕೆ ಹಂಚಿದರೆ 36. ಅಸಲು 121 ರೂಪಾಯಿ. ಬೆಲೆ 240. ಅಂಗಡಿಗೆ ಶೇ. 40 ಬಿಟ್ಟರೆ 144 ಬಂದು 23 ಉಳಿಯುತ್ತದೆ. ಶೇ. 50 ಕೇಳುವ ವಿತರಕರಿಗೆ ಕೊಟ್ಟರೆ 120 ಬಂದು, ಪ್ರತಿಗೆ ಒಂದು ರೂಪಾಯಿ ನಷ್ಟ. ಓದುಗರಿಗೆ ನೇರವಾಗಿ ಶೇ. 10 ರಿಯಾಯಿತಿಯಲ್ಲಿ ಕೊಟ್ಟು, ಅಂಚೆ, ಪ್ಯಾಕಿಂಗ್ ನಾವೇ ಭರಿಸಿದರೂ ಕೈಗೆ 184 ಸಿಕ್ಕಿ 63 ಉಳಿಯುತ್ತದೆ. ಹಾಕಿದ 60,500 ವಾಪಸಾಗಲು ಸುಮಾರು 330 ಪ್ರತಿ ನೇರವಾಗಿ ಹೋಗಬೇಕು. ಈ ಸಂಖ್ಯೆ ಮುಟ್ಟುವಷ್ಟು ಓದುಗರ ಗುರುತು ಇಲ್ಲದಿದ್ದರೆ ಮೊದಲು 100 ಪ್ರತಿ ಡಿಜಿಟಲ್‌ನಲ್ಲಿ ಹಾಕಿಸುವುದು ಮರ್ಯಾದೆ.

ಆ ಗುರುತು ಬೆಳೆಸುವುದಕ್ಕೇ ನಾನು ಕಾದಂಬರಿಯನ್ನು ಮೊದಲು ಧಾರಾವಾಹಿಯಾಗಿ ಫೋನಿಗೆ ಕೊಟ್ಟೆ. ಒಂದು ಕಾಲಕ್ಕೆ ಈ ಕೆಲಸವನ್ನು ವಾರಪತ್ರಿಕೆಗಳೂ ಬಾಡಿಗೆಗೆ ಪುಸ್ತಕ ಕೊಡುವ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಗಳೂ ಮಾಡುತ್ತಿದ್ದವು. ಈಗ ಪ್ರತಿಲಿಪಿಯಂಥ ಆ್ಯಪ್‌ಗಳಿವೆ. ಕಂತಿಗೆ 1,200ರಿಂದ 1,500 ಪದ ಸರಿ. ಬಸ್ಸಿನಲ್ಲಿ, ಕುಕ್ಕರ್ ಕೂಗುವ ಹೊತ್ತಿನಲ್ಲಿ ಮುಗಿಯುವಷ್ಟು. ಫೋನಿನ ಒಂದು ಸಾಲಿನಲ್ಲಿ ನಾಲ್ಕೈದು ಕನ್ನಡ ಪದ ಹಿಡಿದರೆ ಹೆಚ್ಚು, 150 ಪದದ ಪ್ಯಾರಾ ಇಡೀ ಪರದೆ ತುಂಬುತ್ತದೆ, ಓದುಗರು ಅಲ್ಲೇ ಬಿಟ್ಟು ಹೋಗುತ್ತಾರೆ. ಅದಕ್ಕಾಗಿ ಪ್ಯಾರಾಗಳನ್ನು ತುಂಡು ಮಾಡಿದ್ದೆ. ಪುಸ್ತಕಕ್ಕೆ ತರುವಾಗ ಅವನ್ನೆಲ್ಲ ಮತ್ತೆ ಹೊಲಿಯಬೇಕು. ಕಂತಿನ ಆರಂಭದಲ್ಲಿ ಹಿಂದಿನದನ್ನು ನೆನಪಿಸುವ ವಾಕ್ಯ, ಕೊನೆಯಲ್ಲಿ ಕುತೂಹಲಕ್ಕೆಂದು ನೇತುಹಾಕಿದ ವಾಕ್ಯ, ಇವೆರಡನ್ನೂ ಕತ್ತರಿಸಬೇಕು. ಹಾಗೇ ಬಿಟ್ಟರೆ ಅಧ್ಯಾಯಕ್ಕೊಂದು ಬಾರಿ ಬಾಗಿಲು ಬಡಿದಂತೆ ಕೇಳಿಸುತ್ತದೆ. ಓದುಗರ ಪ್ರತಿಕ್ರಿಯೆಗಳಲ್ಲಿ ಹೊಗಳಿಕೆಗಿಂತ ಗೊಂದಲವನ್ನು ಗುರುತು ಹಾಕಿಕೊಳ್ಳಿ. ಎರಡು ಪಾತ್ರಗಳ ಹೆಸರು ಒಂದೇ ಅಕ್ಷರದಿಂದ ಶುರುವಾದರೆ ಫೋನಿನ ಓದುಗರು ಖಂಡಿತ ಕಲಸಿಕೊಳ್ಳುತ್ತಾರೆ. ಕೃತಿ ಹಾಕುವ ಮುನ್ನ ಮುದ್ರಣದ ಹಕ್ಕು ನಿಮ್ಮಲ್ಲೇ ಉಳಿಯುತ್ತದೆಯೇ ಎಂದು ಕರಾರನ್ನು ಪೂರ್ತಿ ಓದಿ.

ಅಚ್ಚಿಗೆ ಹೋಗುವ ಎರಡು ವಾರ ಮೊದಲು ಮುಂಗಡ ಕಾಯ್ದಿರಿಸುವಿಕೆ. ಇದು ಹೊಸದೇನಲ್ಲ. ಹಳೆಯ ತಲೆಮಾರಿನ ಕಾದಂಬರಿಕಾರ ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ಬೆಳೆಯಿತು. ಈಗ ವಾಟ್ಸ್‌ಆ್ಯಪ್‌ ಮತ್ತು ಯುಪಿಐ. ಹಣ ಹಾಕಿದ್ದೇವೆಂದು ಓದುಗರು ಕಳಿಸುವ ಸ್ಕ್ರೀನ್‌ಶಾಟ್ ಮಾತ್ರ ನೋಡಿ ಪುಸ್ತಕ ಕಳಿಸಬೇಡಿ, 12 ಅಂಕಿಯ ವ್ಯವಹಾರ ಸಂಖ್ಯೆಯನ್ನು ಬ್ಯಾಂಕ್ ಖಾತೆಯೊಂದಿಗೆ ತಾಳೆ ನೋಡಿ. ಹಣ ಒಬ್ಬರ ಹೆಸರಿನಿಂದ, ವಿಳಾಸ ಇನ್ನೊಬ್ಬರದು ಬರುವುದೇ ಹೆಚ್ಚು. ಮಗಳು ಅಮ್ಮನಿಗೆ ಪುಸ್ತಕ ಕಳಿಸುವ ಪದ್ಧತಿ ನಮ್ಮಲ್ಲಿ ಈಗ ಬಲವಾಗಿದೆ. ಪಿನ್ ಕೋಡ್, ಫೋನ್ ನಂಬರ್ ಇಲ್ಲದ ವಿಳಾಸವನ್ನು ಪಟ್ಟಿಗೇ ಸೇರಿಸಬೇಡಿ. ಪುಸ್ತಕದ ನಾಲ್ಕು ಮೂಲೆಗೂ ರಟ್ಟು ಕೊಟ್ಟು, ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕಂದು ಕಾಗದ ಸುತ್ತಿದರೆ ಮಳೆಗಾಲದಲ್ಲೂ ನೆನೆಯದು.

ಅಂಗಡಿಗಳಿಗೆ ಐದೈದೇ ಪ್ರತಿ ಕೊಡಿ, ರಸೀದಿಗೆ ಸಹಿ ಹಾಕಿಸಿಕೊಳ್ಳಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳಿ. ಇಪ್ಪತ್ತೈದು ಕೊಟ್ಟರೆ ಇಪ್ಪತ್ತು ಮೂಲೆ ಮಡಚಿ ವಾಪಸು ಬರುತ್ತವೆ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಉಚಿತ. ಅದನ್ನು ಕೊಡುವ ರಾಜಾ ರಾಮಮೋಹನ ರಾಯ್ ಸಂಸ್ಥೆಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು, ಅದಕ್ಕೆ ಹಣ ಕೇಳುವ ಮಧ್ಯವರ್ತಿ ಬೇಡ. ಮುಖಪುಟ ಮುಗಿಯುವ ಮೊದಲೇ ಅರ್ಜಿ ಹೋಗಿರಲಿ. 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಮೂರು ಗ್ರಂಥಾಲಯಕ್ಕೂ ಒಂದೊಂದು ಪ್ರತಿ ಕಳಿಸಬೇಕು. ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗಾಗಿ ನಡೆಯುವ ಸಗಟು ಖರೀದಿಗೆ ಪುಸ್ತಕ ಪ್ರಕಟವಾದ ವರ್ಷವೇ ಆಧಾರ, ಗ್ರಂಥಸ್ವಾಮ್ಯ ನೋಂದಣಿಯೂ ಬೇಕು. ಖರೀದಿಯ ಪ್ರಕಟಣೆ ಕಣ್ಣಿಗೆ ಬಿದ್ದಾಗ ಅರ್ಜಿ ಹಾಕಿ, ಆದರೆ ಆದೇಶ ಕೈಗೆ ಬರುವ ಮೊದಲು ಅದಕ್ಕೆಂದು ಒಂದು ಪ್ರತಿಯನ್ನೂ ಹೆಚ್ಚು ಅಚ್ಚು ಹಾಕಿಸಬೇಡಿ.

ಹೊರದೇಶದ ಕನ್ನಡಿಗರಿಗೆ ಅಂಚೆ ಖರ್ಚು ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಅವರಿಗಾಗಿ ಇ-ಪುಸ್ತಕ. 2016ರಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಸಾಲಿನಲ್ಲಿ ಕನ್ನಡ ಇರಲಿಲ್ಲ. ನಾನು ಹಿಡಿದ ದಾರಿಗಳು ಗೂಗಲ್ ಪ್ಲೇ ಬುಕ್ಸ್ ಮತ್ತು ಕನ್ನಡ ಇ-ಪುಸ್ತಕಗಳ ಆ್ಯಪ್ ಮೈಲ್ಯಾಂಗ್. ಪಿಡಿಎಫ್ ಕೊಡಬೇಡಿ. ಸಣ್ಣ ಪರದೆಯಲ್ಲಿ ಪುಟವನ್ನು ಎಳೆದಾಡಬೇಕಾಗುತ್ತದೆ, ಜೊತೆಗೆ ಅದು ಗುಂಪಿನಿಂದ ಗುಂಪಿಗೆ ಹರಿದುಹೋಗುತ್ತದೆ. ಶುದ್ಧ ಯೂನಿಕೋಡ್ ಮೂಲ ಕೈಯಲ್ಲಿದ್ದರೆ ಪರದೆಯ ಅಗಲಕ್ಕೆ ಸಾಲು ಹೊಂದಿಸಿಕೊಳ್ಳುವ ಇ-ಪಬ್ ಕಡತ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಕಡತದ ಭಾಷೆ ಕನ್ನಡ ಎಂದು ನಮೂದಿಸಿ, ಹಳೆಯ, ಅಗ್ಗದ ಫೋನೊಂದರಲ್ಲಿ ಮೊದಲಿಂದ ಕೊನೆವರೆಗೆ ಓದಿ ನೋಡಿ. ಇ-ಪುಸ್ತಕಕ್ಕೆ ಬೇರೆ ಐಎಸ್‌ಬಿಎನ್ ಬೇಕು. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಹಳೆಯದೇ ಸಾಕು, ಕೃತಿಸ್ವಾಮ್ಯ ಪುಟದಲ್ಲಿ ಎರಡನೆಯ ಮುದ್ರಣದ ವರ್ಷ ಸೇರಿಸಿದರೆ ಆಯಿತು.