ಎಲ್ಲರಿಗೂ ತೆರೆಯುವ ಜಾಲತಾಣ ನಿಮಗೆ ಮಾತ್ರ ತೆರೆಯದಿದ್ದರೆ: ಡಿಎನ್‌ಎಸ್ ಕ್ಯಾಶ್ ಖಾಲಿ ಮಾಡುವ ಕ್ರಮ

ಪಕ್ಕದ ಮನೆಯಲ್ಲಿ ತೆರೆಯುವ ಜಾಲತಾಣ ನಿಮ್ಮ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಮೊಬೈಲ್ ಡೇಟಾದಲ್ಲಿ ಬರುತ್ತದೆ, ಮನೆಯ ವೈಫೈಗೆ ಬಂದ ಕೂಡಲೇ ಮುಷ್ಕರ ಹೂಡುತ್ತದೆ. ಇಲ್ಲವೇ ತೆರೆದರೂ ಹೋದ ವಾರದ ಹಳೆಯ ಪುಟವೇ ಕಾಣುತ್ತದೆ. ಉಳಿದ ತಾಣಗಳೆಲ್ಲ ಸರಾಗವಾಗಿ ಓಡುತ್ತಿದ್ದು ಒಂದೆರಡು ಮಾತ್ರ ಹೀಗೆ ಕೈಕೊಟ್ಟರೆ ಮೊದಲು ಅನುಮಾನಿಸಬೇಕಾದ್ದು ಡಿಎನ್‌ಎಸ್ ಕ್ಯಾಶ್ ಅನ್ನು.

ನಾವು ಟೈಪ್ ಮಾಡುವುದು ತಾಣದ ಹೆಸರು. ಕಂಪ್ಯೂಟರಿಗೆ ಬೇಕಾದ್ದು ಅದರ ಐಪಿ ವಿಳಾಸ, ಅಂದರೆ ಅಂಕೆಗಳು. ಹೆಸರು ಕೊಟ್ಟರೆ ಅಂಕೆ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಈ ವ್ಯವಸ್ಥೆ ಇಂದಿಗೂ ಅದೇ ತಳಹದಿಯ ಮೇಲೆ ನಡೆಯುತ್ತಿದೆ. ಪ್ರತಿ ಸಲವೂ ಹೊರಗೆ ಹೋಗಿ ಕೇಳುವುದು ಬೇಡವೆಂದು ಒಮ್ಮೆ ಸಿಕ್ಕ ಉತ್ತರವನ್ನು ಕಂಪ್ಯೂಟರ್ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ. ಈ ನೆನಪಿನ ಸಂಗ್ರಹವೇ ಕ್ಯಾಶ್. ಎಷ್ಟು ಹೊತ್ತು ಎನ್ನುವುದನ್ನು ತಾಣದವರೇ ಸೆಕೆಂಡುಗಳಲ್ಲಿ ಬರೆದಿರುತ್ತಾರೆ: 300 ಎಂದರೆ ಐದು ನಿಮಿಷ, 3600 ಎಂದರೆ ಒಂದು ಗಂಟೆ, 86400 ಎಂದರೆ ಇಡೀ ದಿನ. ಇದಕ್ಕೆ ಟಿಟಿಎಲ್ (ಟೈಮ್ ಟು ಲಿವ್) ಎನ್ನುತ್ತಾರೆ. ಈ ಅವಧಿಯ ನಡುವೆ ತಾಣ ಬೇರೆ ಸರ್ವರಿಗೆ ಹೋದರೆ ನಿಮ್ಮ ಕಂಪ್ಯೂಟರ್ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ: ‘ಅಂಥ ಹೆಸರೇ ಇಲ್ಲ’ ಎಂಬ ಉತ್ತರವೂ ನೆನಪಿನಲ್ಲಿ ಉಳಿಯುತ್ತದೆ. ಹೊಸ ತಾಣ ಶುರುವಾಗುವ ಹತ್ತು ನಿಮಿಷ ಮೊದಲೇ ಆತುರಪಟ್ಟು ತೆರೆಯಲು ನೋಡಿದವರಿಗೆ, ಅದು ಶುರುವಾದ ಮೇಲೂ ಕೆಲಹೊತ್ತು ಕಾಣದಿರುವುದು ಇದರಿಂದಲೇ.

ಕ್ಯಾಶ್ ಖಾಲಿ ಮಾಡಿದರೂ ಸರಿಹೋಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ತಪ್ಪುವುದು ಕ್ರಮದಲ್ಲಿ. ಹಳೆಯ ವಿಳಾಸ ಕುಳಿತಿರುವುದು ಒಂದೇ ಕಡೆ ಅಲ್ಲ. ಬ್ರೌಸರ್ ಒಂದು ಪ್ರತಿ ಇಟ್ಟುಕೊಂಡಿರುತ್ತದೆ, ವಿಂಡೋಸ್ ಇನ್ನೊಂದು, ರೌಟರ್ ಮತ್ತೊಂದು, ಇಂಟರ್ನೆಟ್ ಕಂಪನಿಯ ಸರ್ವರ್ ಮಗದೊಂದು. ಮನೆಯ ನೀರಿನ ಏರ್ಪಾಡನ್ನು ನೆನೆಸಿಕೊಳ್ಳಿ. ಸಂಪಿನಲ್ಲಿ ಕೆಸರಿದ್ದರೆ ಮಹಡಿಯ ಟ್ಯಾಂಕ್ ತೊಳೆದು ಪ್ರಯೋಜನವಿಲ್ಲ, ಮೋಟರ್ ಹಾಕಿದ ಕೂಡಲೇ ಅದೇ ಕೆಸರು ಮೇಲೇರುತ್ತದೆ. ಇಲ್ಲಿಯೂ ಹಾಗೆಯೇ: ಮೊದಲು ರೌಟರ್, ಆಮೇಲೆ ಕಂಪ್ಯೂಟರ್, ಕೊನೆಗೆ ಬ್ರೌಸರ್.

ತೊಳೆಯುವ ಮೊದಲು ಕೆಸರು ಎಲ್ಲಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ವಿಂಡೋಸ್ ಕೀ ಒತ್ತಿ ‘ಸಿಎಂಡಿ’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ. (ಈ ಲೇಖನದ ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಅಲ್ಲಿ ‘ಪಿಂಗ್ -4’ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ತೆರೆಯದ ತಾಣದ ಹೆಸರು ಕೊಡಿ. ಮೊದಲ ಸಾಲಿನಲ್ಲಿ ಚೌಕ ಕಂಸದೊಳಗೆ ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ವಿಳಾಸ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಕೆಳಗೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದರೆ ಗಾಬರಿ ಬೇಡ, ಪಿಂಗ್‌ಗೆ ಉತ್ತರಿಸದ ಸರ್ವರ್‌ಗಳು ಬಹಳಷ್ಟಿವೆ. ಈಗ ‘ಎನ್‌ಎಸ್‌ಲುಕಪ್’ ಎಂದು ಬರೆದು ಅದೇ ಹೆಸರು ಕೊಡಿ. ಪಿಂಗ್ ಕಂಪ್ಯೂಟರಿನ ನೆನಪನ್ನು ಬಳಸುತ್ತದೆ. ಎನ್‌ಎಸ್‌ಲುಕಪ್ ಆ ನೆನಪನ್ನು ಬದಿಗಿಟ್ಟು ನೇರವಾಗಿ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಎರಡೂ ಬೇರೆ ಬೇರೆ ವಿಳಾಸ ಕೊಟ್ಟರೆ ಹಳಸಿದ್ದು ನಿಮ್ಮ ಕಂಪ್ಯೂಟರಿನ ಕ್ಯಾಶ್ ಇರಬಹುದು. ದೊಡ್ಡ ತಾಣಗಳಿಗೆ ಹತ್ತಾರು ವಿಳಾಸಗಳಿರುವುದರಿಂದ ಅವುಗಳ ವಿಷಯದಲ್ಲಿ ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಚಿಕ್ಕ ತಾಣಗಳಿಗೆ ಚೆನ್ನಾಗಿ ಹೊಂದುತ್ತದೆ. ಎರಡೂ ಒಂದೇ ಹಳೆಯ ವಿಳಾಸ ಹೇಳಿದರೆ, ಎನ್‌ಎಸ್‌ಲುಕಪ್ ಸಾಲಿನ ಕೊನೆಗೆ ಸ್ಪೇಸ್ ಬಿಟ್ಟು 8.8.8.8 ಸೇರಿಸಿ ಮತ್ತೆ ಕೇಳಿ. ಅದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ಅಲ್ಲಿ ಹೊಸ ವಿಳಾಸ ಬಂದರೆ ತೊಂದರೆ ರೌಟರಿನಲ್ಲೋ ಇಂಟರ್ನೆಟ್ ಕಂಪನಿಯಲ್ಲೋ ಇದೆ ಎಂದಾಯಿತು.

ರೌಟರ್‌ನ ಕೆಲಸ ಸುಲಭ. ಪ್ಲಗ್ ತೆಗೆದು 30 ಸೆಕೆಂಡ್ ಬಿಟ್ಟು ಹಾಕಿ, ದೀಪಗಳು ನೆಲೆಗೊಳ್ಳಲು ಎರಡು ಮೂರು ನಿಮಿಷ ಕೊಡಿ. ಹಿಂಭಾಗದಲ್ಲಿ ಸೂಜಿಯಿಂದ ಒತ್ತುವ ಸಣ್ಣ ತೂತಿನ ರೀಸೆಟ್ ಗುಂಡಿ ಇರುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಅದನ್ನು ಒತ್ತಿ ಹಿಡಿದರೆ ವೈಫೈ ಪಾಸ್‌ವರ್ಡ್ ಮಾತ್ರವಲ್ಲ, ಫೈಬರ್ ಸಂಪರ್ಕದ ಯೂಸರ್ ನೇಮ್ ಮತ್ತು ಪಾಸ್‌ವರ್ಡ್ ಕೂಡ ಅಳಿಸಿಹೋಗಬಹುದು. ಆಮೇಲೆ ಟೆಕ್ನೀಶಿಯನ್ ಬರುವವರೆಗೆ ಮನೆಗೆ ಇಂಟರ್ನೆಟ್ ಇರುವುದಿಲ್ಲ.

ಈಗ ವಿಂಡೋಸ್. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಟರ್ಮಿನಲ್ (ಅಡ್ಮಿನ್)’ ಆರಿಸಿ. ಹಳೆಯ ವಿಂಡೋಸ್ 10ರಲ್ಲಿ ಅದೇ ಜಾಗದಲ್ಲಿ ಪವರ್‌ಶೆಲ್ ಅಥವಾ ಕಮಾಂಡ್ ಪ್ರಾಂಪ್ಟ್ ಇರುತ್ತದೆ, ಯಾವುದಾದರೂ ನಡೆಯುತ್ತದೆ. ಅನುಮತಿ ಕೇಳಿದರೆ ‘ಯೆಸ್’ ಒತ್ತಿ. ‘ಐಪಿಕಾನ್ಫಿಗ್’ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ಅಂಟಿಕೊಂಡಂತೆ ‘ಫ್ಲಶ್‌ಡಿಎನ್‌ಎಸ್’ ಎಂದು ಬರೆಯಿರಿ. ‘ಫ್ಲಶ್’ ಮತ್ತು ‘ಡಿಎನ್‌ಎಸ್’ ನಡುವೆ ಜಾಗ ಬಿಡಬಾರದು. ಓರೆಗೆರೆ ಪ್ರಶ್ನೆಚಿಹ್ನೆಯ ಕೀಯಲ್ಲಿರುವುದು, ಎಂಟರ್ ಬಳಿಯ ಹಿಂದಕ್ಕೆ ವಾಲಿದ ಗೆರೆಯಲ್ಲ. ಎಂಟರ್ ಒತ್ತಿದಾಗ ‘ಸಕ್ಸೆಸ್‌ಫುಲಿ ಫ್ಲಶ್ಡ್’ ಎಂದು ಶುರುವಾಗುವ ಸಾಲು ಬಂದರೆ ಕೆಲಸ ಮುಗಿಯಿತು. ‘ಕುಡ್ ನಾಟ್ ಫ್ಲಶ್’ ಎಂದು ಬಂದರೆ ಡಿಎನ್‌ಎಸ್ ಕ್ಲೈಂಟ್ ಎಂಬ ಸರ್ವಿಸ್ ನಿಂತಿರುವ ಸಾಧ್ಯತೆ ಇದೆ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ನೋಡಿ. ಆಗಲೂ ಅದೇ ಬಂದರೆ, ‘ವೇಗ ಹೆಚ್ಚಿಸುತ್ತೇವೆ’ ಎನ್ನುವ ಯಾವುದಾದರೂ ತಂತ್ರಾಂಶ ಆ ಸರ್ವಿಸನ್ನು ಮುಚ್ಚಿದೆಯೇ ಎಂದು ಪರೀಕ್ಷಿಸಿ.

ನೆನಪಿನಲ್ಲಿ ಏನೇನಿದೆ ಎಂದು ಕಣ್ಣಾರೆ ನೋಡಬೇಕೇ? ‘ಫ್ಲಶ್‌ಡಿಎನ್‌ಎಸ್’ ಬದಲು ‘ಡಿಸ್‌ಪ್ಲೇಡಿಎನ್‌ಎಸ್’ ಎಂದು ಕೊಡಿ. ಪ್ರತಿ ಹೆಸರಿನ ಕೆಳಗೆ ‘ಟೈಮ್ ಟು ಲಿವ್’ ಸಾಲು ಇರುತ್ತದೆ. ಒಂದರ ಎದುರು 240 ಇದ್ದರೆ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಅದೇ ಕಮಾಂಡ್ ಕೊಡಿ, 230ಕ್ಕೆ ಇಳಿದಿರುತ್ತದೆ. ಸೊನ್ನೆ ಮುಟ್ಟಿದಾಗ ಆ ನಮೂದು ತಾನಾಗಿ ಹೋಗುತ್ತದೆ. ನೀವು ಮಾಡುತ್ತಿರುವುದು ಆ ಎಣಿಕೆ ಮುಗಿಯುವವರೆಗೆ ಕಾಯದೆ ಅಳಿಸುವುದಷ್ಟೆ.

ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದು ಎರಡು ಕಮಾಂಡ್ ಕೊಡಬೇಕು. ಮೊದಲನೆಯದು ‘ಸುಡೋ ಡಿಎಸ್‌ಕ್ಯಾಶ್‌ಯುಟಿಲ್ -ಫ್ಲಶ್‌ಕ್ಯಾಶ್’. ಎರಡನೆಯದು ‘ಸುಡೋ ಕಿಲ್‌ಆಲ್ -ಹಪ್ ಎಂಡಿಎನ್‌ಎಸ್‌ರೆಸ್ಪಾಂಡರ್’. ಎರಡನೆಯದರಲ್ಲಿ ‘ಹಪ್’ ಪೂರ್ತಿ ದೊಡ್ಡಕ್ಷರ. ಕೊನೆಯ ಪದದಲ್ಲಿ ಮೊದಲ ‘ಎಂ’ ಚಿಕ್ಕದು, ‘ಡಿ’, ‘ಎನ್’, ‘ಎಸ್’ ಮತ್ತು ಅವುಗಳ ಮುಂದಿನ ‘ಆರ್’ ದೊಡ್ಡವು, ಉಳಿದವು ಚಿಕ್ಕವು. ಅಕ್ಷರ ತಪ್ಪಿದರೆ ಅಂಥ ಪ್ರೊಸೆಸ್ ಇಲ್ಲ ಎನ್ನುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿತೆಂದು ತಿಳಿಯದೆ ಪೂರ್ತಿ ಬರೆದು ಎಂಟರ್ ಒತ್ತಿ. ಕೆಲಸ ಆದದ್ದಕ್ಕೆ ಮ್ಯಾಕ್ ಯಾವ ಸಂದೇಶವನ್ನೂ ಕೊಡುವುದಿಲ್ಲ. ಉಬುಂಟು ಬಳಸುವವರಿಗೆ ‘ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್’ ಸಾಕು.

ಕೊನೆಗೆ ಬ್ರೌಸರ್. ಕ್ರೋಮ್‌ನ ವಿಳಾಸ ಪಟ್ಟಿಯಲ್ಲಿ ‘ಕ್ರೋಮ್://ನೆಟ್-ಇಂಟರ್ನಲ್ಸ್/#ಡಿಎನ್‌ಎಸ್’ ಎಂದು ಬರೆದು, ‘ಕ್ಲಿಯರ್ ಹೋಸ್ಟ್ ಕ್ಯಾಶ್’ ಗುಂಡಿ ಒತ್ತಿ. ಒತ್ತಿದ ಮೇಲೆ ಏನೂ ಆದಂತೆ ಕಾಣುವುದಿಲ್ಲ, ಆದರೆ ಆಗಿರುತ್ತದೆ. ಎಡಗಡೆಯ ‘ಸಾಕೆಟ್ಸ್’ಗೆ ಹೋಗಿ ‘ಫ್ಲಶ್ ಸಾಕೆಟ್ ಪೂಲ್ಸ್’ ಕೂಡ ಒತ್ತಿ. ಹಳೆಯ ಸರ್ವರಿನೊಂದಿಗೆ ತೆರೆದೇ ಇರುವ ಸಂಪರ್ಕ ಆಗಲೇ ಕಡಿಯುವುದು. ಎಡ್ಜ್‌ನಲ್ಲಿ ‘ಕ್ರೋಮ್’ ಬದಲು ‘ಎಡ್ಜ್’ ಎಂದು ಬರೆದರೆ ಇದೇ ಪುಟ ಬರುತ್ತದೆ. ಫೈರ್‌ಫಾಕ್ಸ್‌ನಲ್ಲಿ ‘ಎಬೌಟ್:ನೆಟ್‌ವರ್ಕಿಂಗ್’ ಪುಟದ ಡಿಎನ್‌ಎಸ್ ವಿಭಾಗದಲ್ಲಿ ‘ಕ್ಲಿಯರ್ ಡಿಎನ್‌ಎಸ್ ಕ್ಯಾಶ್’ ಗುಂಡಿ ಇದೆ. ಇದ್ಯಾವುದರಿಂದಲೂ ನಿಮ್ಮ ಪಾಸ್‌ವರ್ಡ್, ಬುಕ್‌ಮಾರ್ಕ್, ನೋಡಿದ ತಾಣಗಳ ಪಟ್ಟಿ ಅಳಿಯುವುದಿಲ್ಲ. ಇಂಟರ್ನೆಟ್ ವೇಗವೂ ಹೆಚ್ಚುವುದಿಲ್ಲ.

ಇಷ್ಟಾದರೂ ಹಳೆಯ ವಿಳಾಸವೇ ಬರುತ್ತಿದ್ದರೆ ಅದು ಇಂಟರ್ನೆಟ್ ಕಂಪನಿಯ ಸರ್ವರಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಅದನ್ನು ತೊಳೆಯುವುದು ನಮ್ಮ ಕೈಯಲ್ಲಿಲ್ಲ, ಆದರೆ ಬೇರೆ ಕಡೆಯಿಂದ ನೀರು ತರಿಸಬಹುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ವೈಫೈ, ಹಾರ್ಡ್‌ವೇರ್ ಪ್ರಾಪರ್ಟೀಸ್ ದಾರಿಯಲ್ಲಿ ಹೋಗಿ ‘ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್’ ಎದುರಿನ ‘ಎಡಿಟ್’ ಒತ್ತಿ, ‘ಮ್ಯಾನ್ಯುಯಲ್’ ಆರಿಸಿ. ಐಪಿವಿ4ಕ್ಕೆ (ಹಳೆಯ ಮಾದರಿಯ ಐಪಿ ವಿಳಾಸ) 8.8.8.8, ಐಪಿವಿ6ಕ್ಕೆ (ಹೊಸ, ಉದ್ದನೆಯ ಮಾದರಿ) 2001:4860:4860::8888 ಕೊಡಿ. ಐಪಿವಿ4 ಮಾತ್ರ ತುಂಬಿಸಿದರೆ ಕಂಪ್ಯೂಟರ್ ಐಪಿವಿ6 ಮೂಲಕ ಹಳೆಯ ಸರ್ವರನ್ನೇ ಕೇಳುವ ಸಾಧ್ಯತೆ ಉಳಿಯುತ್ತದೆ.

ಫ್ಲಶ್ ಮಾಡಿದರೂ ಅಳಿಯದ ನಮೂದು ಒಂದಿದೆ, ಅದರ ಬಗ್ಗೆ ಎಚ್ಚರ ಬೇಕು. ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಡ್ರೈವರ್ಸ್, ಇಟಿಸಿ ಎಂದು ಇಳಿಯುತ್ತ ಹೋದರೆ ‘ಹೋಸ್ಟ್ಸ್’ ಎಂಬ ಫೈಲ್ ಸಿಗುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. # ಚಿಹ್ನೆಯಿಂದ ಶುರುವಾಗುವ ಸಾಲುಗಳು ಬರೀ ಟಿಪ್ಪಣಿ. ಚಿಹ್ನೆಯಿಲ್ಲದ ಸಾಲಿನಲ್ಲಿ ಒಂದು ವಿಳಾಸ ಮತ್ತು ಒಂದು ಹೆಸರು ಇದ್ದರೆ, ಕಂಪ್ಯೂಟರ್ ಡಿಎನ್‌ಎಸ್ ಕೇಳದೆ ಅದನ್ನೇ ನಂಬುತ್ತದೆ. ಅಲ್ಲಿ ನಿಮ್ಮ ಬ್ಯಾಂಕಿನ ಹೆಸರು ಕಂಡರೆ ಅದು ಕುತಂತ್ರಾಂಶದ ಕೈವಾಡ ಎಂದೇ ತಿಳಿಯಿರಿ. ಆ ಕಂಪ್ಯೂಟರಿನಲ್ಲಿ ಲಾಗಿನ್ ಆಗಬೇಡಿ. ಆ್ಯಂಟಿವೈರಸ್‌ನ ಪೂರ್ತಿ ಸ್ಕ್ಯಾನ್ ಮುಗಿಸಿ, ನೋಟ್‌ಪ್ಯಾಡನ್ನು ಅಡ್ಮಿನ್ ಆಗಿ ತೆರೆದು ಆ ಸಾಲನ್ನು ತೆಗೆಯಿರಿ. ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಫೋನಿನಿಂದ ಬದಲಿಸಿ.

ಸ್ವಂತ ಅಂಗಡಿಗೋ ಸಂಘಕ್ಕೋ ಜಾಲತಾಣ ಇಟ್ಟುಕೊಂಡು ಅದನ್ನು ಬೇರೆ ಹೋಸ್ಟಿಂಗ್‌ಗೆ ಸಾಗಿಸುವವರು, ಓದುಗರಿಗೆ ಈ ತಾಪತ್ರಯ ಬಾರದಂತೆ ಮೊದಲೇ ನೋಡಿಕೊಳ್ಳಬಹುದು. ಈಗಿರುವ ಟಿಟಿಎಲ್ 86400 ಆಗಿದ್ದರೆ, ಸಾಗಿಸುವ ದಿನಕ್ಕಿಂತ ಒಂದು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿ. ಅದೇ ದಿನ ಇಳಿಸಿದರೆ ಉಪಯೋಗವಿಲ್ಲ, ಹಳೆಯ ಅವಧಿ ಆಗಲೇ ಎಲ್ಲರ ಕಂಪ್ಯೂಟರಿನಲ್ಲಿ ಎಣಿಕೆಯಾಗುತ್ತಿರುತ್ತದೆ. ವಿಳಾಸ ಬದಲಿಸಿದ ಮೇಲೆ ಹಳೆಯ ಸರ್ವರನ್ನು ಕನಿಷ್ಠ ಎರಡು ದಿನ ಚಾಲೂ ಇಡಿ. ಎಲ್ಲರಿಗೂ ಹೊಸ ತಾಣ ಕಾಣುತ್ತಿದೆ ಎಂದು ಖಾತ್ರಿಯಾದ ಮೇಲೆ ಟಿಟಿಎಲ್ ಅನ್ನು ಮತ್ತೆ 3600ಕ್ಕೆ ಏರಿಸಿ.