ಹೊಸ ಸಿಸ್‌ರೂಟ್ ಮೇಲೆ ಹಳೆಯ ಜಿಸಿಸಿ: ನನ್ನ ಅನುಭವ

ಜಿಸಿಸಿ ಕಂಪೈಲರ್‌ನ 5.4 ಆವೃತ್ತಿಯನ್ನು 64-ಬಿಟ್ ಆರ್ಮ್ ಪ್ರೊಸೆಸರ್‌ಗೆ, ಅದೂ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ 2.31 ಇರುವ ಸಿಸ್‌ರೂಟ್ (ಗುರಿ ಯಂತ್ರದ ಹೆಡರ್, ಲೈಬ್ರರಿಗಳ ಕಟ್ಟು) ಮೇಲೆ ಬಿಲ್ಡ್ ಮಾಡುವುದು ಆಗದ ಮಾತು ಎಂದು ತಂಡದವರೆಲ್ಲ ಕೈಚೆಲ್ಲಿದ್ದರು. ಗ್ರಾಹಕರ ಪ್ರಮಾಣಪತ್ರ ಇದ್ದದ್ದು ಆ ಆವೃತ್ತಿಗೇ. ಕಂಪೈಲರ್ ಬದಲಿಸಿದರೆ ಪರೀಕ್ಷೆಗಳೆಲ್ಲ ಮತ್ತೆ ಮೊದಲಿನಿಂದ, ಲಾಭವೆಲ್ಲ ಅದಕ್ಕೇ ಸರಿ. ಈಗ ಅದೇ 5.4 ದಿನವೂ ಓಡುತ್ತಿದೆ, ಅಂದು ನಕ್ಕವರೂ ಅದನ್ನೇ ಬಳಸುತ್ತಿದ್ದಾರೆ.

ಬಿಲ್ಡ್ ನಿಂತದ್ದು ಜಿಸಿಸಿಯ ಜೊತೆಗೇ ಬರುವ ಸಹಾಯಕ ಲೈಬ್ರರಿ ಲಿಬ್‌ಜಿಸಿಸಿಯಲ್ಲಿ: 'ಯುಸಿ' ಫೀಲ್ಡ್‌ನ ಟೈಪ್ ಅಪೂರ್ಣವಂತೆ. ಹಳೆಯ ಹೆಡರ್ ತಂದು ಸಿಸ್‌ರೂಟ್‌ಗೆ ತುರುಕುವ ಪ್ರಯತ್ನ ಮೊದಲು ನಡೆಯಿತು. ಲಿಬ್‌ಜಿಸಿಸಿ ದಾಟಿತು, ಮುಂದಿನ ಹೆಡರ್ ಮುರಿಯಿತು. ಅದಕ್ಕೂ ಹಳೆಯದನ್ನು ತಂದರೆ ಮತ್ತೊಂದು. ಬಾಡಿಗೆ ಸರ್ವರ್‌ನಲ್ಲಿ ಪ್ರತಿ ಸಲ ಸೊನ್ನೆಯಿಂದ ಬಿಲ್ಡ್, ಹೆಚ್ಚು ಕಡಿಮೆ ಮುಕ್ಕಾಲು ಗಂಟೆ. ತಿಂಗಳ ಬಿಲ್ ನೋಡಿದ ವ್ಯವಸ್ಥಾಪಕರ ಮುಖ ಕೆಂಪಾಯಿತು. ಆಮೇಲೆ ನಾನು ಲಿಬ್‌ಜಿಸಿಸಿ ಗುರಿಯೊಂದನ್ನೇ, ಒಂದೇ ಜಾಬ್‌ನಲ್ಲಿ ಓಡಿಸತೊಡಗಿದೆ: ನಾಲ್ಕೈದು ನಿಮಿಷ, ಮೊದಲ ದೋಷ ಕಣ್ಣೆದುರೇ.

ಲಾಗ್‌ನಲ್ಲಿದ್ದ ಕಮಾಂಡ್ ಎತ್ತಿಕೊಂಡು, ಹೆಡರ್‌ಗಳನ್ನೆಲ್ಲ ಬಿಚ್ಚಿ ತೋರಿಸುವ '-ಇ' ಫ್ಲ್ಯಾಗ್ ಸೇರಿಸಿ ಓಡಿಸಿದೆ. ಮ್ಯಾಕ್ರೋ ಪಟ್ಟಿ ಇಲ್ಲಿ ದಂಡ, ಸ್ಟ್ರಕ್ಟ್ ಟ್ಯಾಗ್ ಮ್ಯಾಕ್ರೋ ಅಲ್ಲವಲ್ಲ. ಪ್ರಿಪ್ರೊಸೆಸರ್ ಉಗುಳಿದ ಫೈಲ್‌ನಲ್ಲಿ, 'ಯುಸಿ'ಯ ಟೈಪ್ ಆದ 'ಸ್ಟ್ರಕ್ಟ್ ಯುಕಾಂಟೆಕ್ಸ್ಟ್'ನ ವ್ಯಾಖ್ಯಾನ ಎಲ್ಲೂ ಇರಲಿಲ್ಲ, 'ಯುಕಾಂಟೆಕ್ಸ್ಟ್_ಟಿ'ಯದು ಮಾತ್ರ ಇತ್ತು. 2017ರಲ್ಲಿ, ಜಿಲಿಬ್‌ಸಿ 2.26ರಲ್ಲಿ ಆ ಟ್ಯಾಗ್‌ನ ಹೆಸರೇ ಬದಲಾಗಿದೆ. ಲಿಬ್‌ಜಿಸಿಸಿಯ ಅನ್‌ವೈಂಡ್ ಹೆಡರ್‌ನಲ್ಲಿ ಹಳೆಯ ಹೆಸರಿದ್ದ ಒಂದು ಸಾಲು ತಿದ್ದಿ 'ಯುಕಾಂಟೆಕ್ಸ್ಟ್_ಟಿ' ಹಾಕಿದೆ, ಮುಗಿಯಿತು. 'ಯುಕಾಂಟೆಕ್ಸ್ಟ್_ಟಿ' ಎಂಬ ಟೈಪ್‌ಡೆಫ್ ಹಳೆಯ ಜಿಲಿಬ್‌ಸಿಯಲ್ಲೂ ಇರುವುದರಿಂದ ಈ ತಿದ್ದುಪಡಿ ಎರಡೂ ಕಡೆ ನಡೆಯುತ್ತದೆ.

ಕುತೂಹಲಕ್ಕೆ, ಮೂಲವನ್ನು ಮುಟ್ಟದೆ ಕಂಪೈಲರ್ ಫ್ಲ್ಯಾಗ್‌ನಲ್ಲೇ ಹಳೆಯ ಹೆಸರನ್ನು ಹೊಸದಕ್ಕೆ ಡಿಫೈನ್ ಮಾಡಿಯೂ ನೋಡಿದೆ. ಅದೂ ದಾಟಿತು! ಆದರೆ ಫ್ಲ್ಯಾಗ್‌ನಲ್ಲಿ ಅಡಗಿಸಿದ ಚಮತ್ಕಾರ ಮುಂದಿನವರ ತಲೆ ತಿನ್ನುತ್ತದೆಂದು ಬಿಟ್ಟೆ.

ಪ್ರೋಗ್ರಾಂ ಓಡುವಾಗಲೇ ಮೆಮೊರಿ ತಪ್ಪುಗಳನ್ನು ಹಿಡಿಯುವ ಸ್ಯಾನಿಟೈಜರ್‌ನದು ಇನ್ನೊಂದು ಗೋಳು. 'ಸ್ಟ್ರಕ್ಟ್ ಸಿಗಾಲ್ಟ್‌ಸ್ಟ್ಯಾಕ್' ಜಾಗಕ್ಕೆ 'ಸ್ಟ್ಯಾಕ್_ಟಿ' ಹಾಕಿ ಒಂದನ್ನು ದಾಟಿದರೆ, 2.28ರಲ್ಲಿ ತೆಗೆದುಹಾಕಿದ 'ಯುಸ್ಟ್ಯಾಟ್' ಹೆಡರ್‌ಗೆ ಎಡವುತ್ತದೆ. ನಮಗೆ ಸ್ಯಾನಿಟೈಜರ್ ಬೇಕಿರಲಿಲ್ಲ, ಕಾನ್ಫಿಗರ್‌ನಲ್ಲೇ ಕೈಬಿಟ್ಟೆ. ಬೇಕಾದವರು ಹೊಸ ಜಿಸಿಸಿಯಿಂದ ಪ್ಯಾಚ್ ಹೆಕ್ಕಿಕೊಳ್ಳಲಿ.

ಎರಡು ಸಿಸ್‌ರೂಟ್‌ಗಳ ಟ್ಯಾಗ್‌ಗಳನ್ನು ಹೋಲಿಸಿ, ಮುರಿಯಲಿರುವುದನ್ನು ಮೊದಲೇ ಹೇಳುವ ಸ್ಕ್ರಿಪ್ಟ್ ಒಂದನ್ನು ಬರೆದಿಟ್ಟಿದ್ದೇನೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಕೊನೆಗೆ ಗ್ರಾಹಕರ ಕೋಡ್‌ನಲ್ಲಿ 'ಮೇಜರ್', 'ಮೈನರ್' (ಸಾಧನದ ಸಂಖ್ಯೆಯನ್ನು ಒಡೆದು ಕೊಡುವ ಮ್ಯಾಕ್ರೋಗಳು) ಸಿಗುತ್ತಿಲ್ಲವೆಂದು ಲಿಂಕರ್ ಗೊಣಗಿತು. ಅವೂ 2.28ರಿಂದ 'ಸಿಸ್‌ಮ್ಯಾಕ್ರೋಸ್' ಹೆಡರ್ ಸೇರಿಸಿದರಷ್ಟೇ ಸಿಗುತ್ತವೆ. ಒಂದು ಇನ್‌ಕ್ಲೂಡ್ ಸಾಲು ಹಾಕಿ ಕಳಿಸಿಕೊಟ್ಟೆ.