ಬಳ್ಳಿಗೆ ಯಜಮಾನರು ಬಂದ ಮೇಲೆ

ನಮ್ಮ ತೋಟದಲ್ಲಿ ಕಾಳುಮೆಣಸಿನ ಸೊರಗು ರೋಗ ಕೊನೆಗೂ ಹತೋಟಿಗೆ ಬಂದಿದೆ. ಔಷಧಿ ಬದಲಾಗಿಲ್ಲ. ಮೈಲುತುತ್ತ, ಸುಣ್ಣ ಸೇರಿಸಿದ ಒಂದು ಪರ್ಸೆಂಟ್ ಬೋರ್ಡೋ ದ್ರಾವಣ ಅದೇ, ರೋಗಾಣು ತಡೆಯುವ ಒಳ್ಳೆ ಶಿಲೀಂಧ್ರ ಟ್ರೈಕೋಡರ್ಮಾ ಅದೇ, ಬೇವಿನ ಹಿಂಡಿಯೂ ಅದೇ. ಬಳ್ಳಿಗಳಿಗೆ ಯಜಮಾನರು ಬಂದರು, ಅಂದರೆ ತೋಟದಲ್ಲಿ ಓಡಾಡುವ ಒಬ್ಬೊಬ್ಬರೂ ಕೆಲವು ಬಳ್ಳಿಗಳನ್ನು ತಮ್ಮದೆಂದು ನೋಡಿಕೊಳ್ಳತೊಡಗಿದರು. ಅಷ್ಟೇ ಹೊಸದು.

ಶಿರಸಿ ಸೀಮೆಯಲ್ಲಿ ಇದನ್ನು ಮೊದಲು ಕೇಳಿದವರು ಯಾರೂ ಒಪ್ಪಲಿಲ್ಲ. ‘ಎಂತದೋ ತಮಾ, ಬಳ್ಳಿಯೆಲ್ಲ ಆಳಿಗೆ ಬರ್ಕೊಡ್ತ್ಯ?’ ಎಂದು ದೊಡ್ಡಪ್ಪ ಮದುವೆ ಮನೆಯ ಪಂಕ್ತಿಯಲ್ಲೇ ಕೇಳಿದ್ದರು. ಹೋದ ವರ್ಷ ಅವರೇ ಬಂದು ಮಧ್ಯಾಹ್ನದವರೆಗೆ ತೋಟ ಸುತ್ತಿದರು. ಈಗ ಅವರಲ್ಲೂ ಶುರುವಾಗಿದೆ. ದಿನಕ್ಕೆ ಎರಡು ಮೂರು ಫೋನ್ ಬರುತ್ತಿರುವುದರಿಂದ ಬರೆದೇ ಬಿಡೋಣ ಅನ್ನಿಸಿತು.

ನಮ್ಮಲ್ಲಿ ನಾನೂರರ ಆಸುಪಾಸು ಬಳ್ಳಿ ಇವೆ. ಹೆಚ್ಚಿನವು ಅಡಿಕೆ ಮರದ ಮೇಲೆ, ಸ್ವಲ್ಪ ಬೆಟ್ಟದ ಅಂಚಿನ ಮರಗಳ ಮೇಲೆ. ರೋಗ ಹೇಗೆ ಬರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮಳೆ ಹಿಡಿದ ಮೇಲೆ ನೆಲಕ್ಕೆ ಹತ್ತಿರದ ಎಲೆಯಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಆಗಲೇ ಹಿಡಿದರೆ ಬಳ್ಳಿ ಉಳಿಯುತ್ತದೆ. ಬುಡಕ್ಕೆ ಇಳಿದರೆ ಎರಡು ಮೂರು ವಾರದಲ್ಲಿ ಮುಗಿಯಿತು. ಮಚ್ಚೆ ಕಂಡ ದಿನಕ್ಕೂ ಬುಡ ಕೊಳೆಯುವ ದಿನಕ್ಕೂ ನಡುವೆ ಸಿಗುವ ಆ ಕೆಲವು ದಿನಗಳಲ್ಲೇ ನಮ್ಮ ದುಡ್ಡು ಇರುವುದು.

ದಿನಾ ಏಳೆಂಟು ಜನ ತೋಟದಲ್ಲಿ ಓಡಾಡುತ್ತಾರೆ. ಆದರೂ ಎಲೆ ಉದುರಿದ ಮೇಲೇ ನಮಗೆ ಗೊತ್ತಾಗುತ್ತಿತ್ತು. ಜಾಸ್ತಿ ಮಳೆಯಾದ ವರ್ಷ ನಲವತ್ತು ಐವತ್ತು ಬಳ್ಳಿ ಹೋಗುತ್ತಿದ್ದವು. ಒಮ್ಮೆ ಸೋಗೆ, ಹಾಳೆ ಹೆಕ್ಕುವ ಹೆಂಗಸೊಬ್ಬರನ್ನು ಕೇಳಿದೆ: ‘ಮೊನ್ನೆ ಇದೇ ಬುಡದಲ್ಲಿ ಇದ್ರಲ್ಲ, ಎಲೆ ನೋಡಲಿಲ್ವಾ?’ ‘ನೋಡಿದ್ದು ನೆನಪಿಲ್ಲ ಹೆಗಡೇರೆ’ ಅಂದರು. ಅದು ಸುಳ್ಳಲ್ಲ ಅಂತ ನನಗೆ ಖಾತ್ರಿ ಇತ್ತು. ಯಾಕೆಂದರೆ ಅದೇ ಹೆಂಗಸು ತನ್ನ ಅಂಗಳದ ಮಲ್ಲಿಗೆ ಗಿಡದಲ್ಲಿ ನಾಳೆ ಎಷ್ಟು ಮೊಗ್ಗು ಅರಳುತ್ತವೆ ಎಂದು ಇವತ್ತೇ ಹೇಳುತ್ತಿದ್ದರು. ಕಣ್ಣು ಚೆನ್ನಾಗಿತ್ತು, ನೆನಪೂ ಚೆನ್ನಾಗಿತ್ತು. ನನ್ನ ಬಳ್ಳಿಯ ಮೇಲೆ ಅವೆರಡೂ ನಿಲ್ಲುತ್ತಿರಲಿಲ್ಲ.

ಮೊದಲು ಮಾಡಿದ್ದು ನಂಬರ್. ಎಲ್ಲ ಬಳ್ಳಿಗೂ ಅಲ್ಯೂಮಿನಿಯಂ ತಗಡಿನ ನಂಬರ್ ಕಟ್ಟಿಸಿದೆ. ತಂತಿ, ಕೂಲಿ ಸೇರಿ ನಾಲ್ಕೈದು ಸಾವಿರ ಆಯಿತು. ಒಂದು ಪಟ್ಟಿ ಪುಸ್ತಕ ಇಟ್ಟೆ. ಒಂದು ವಾರ ಬರೆದರು. ಆಮೇಲೆ ಎಲ್ಲದರ ಮುಂದೆ ‘ಸರಿ ಇದೆ’ ಎಂಬ ಗುರುತು ಸಾಲಾಗಿ ಬೀಳತೊಡಗಿತು. ಸತ್ತ ಬಳ್ಳಿಯ ಮುಂದೂ ‘ಸರಿ ಇದೆ’.

ಮರುವರ್ಷ ಇನಾಮು ಇಟ್ಟೆ. ರೋಗದ ಎಲೆ ತೋರಿಸಿದರೆ ಐವತ್ತು ರೂಪಾಯಿ. ಇದು ಕೆಲಸ ಮಾಡುತ್ತದೆ ಎಂದು ಎಲ್ಲರೂ ಹೇಳಿದ್ದರು. ಏನಾಯಿತು ಅಂದರೆ, ಹಳದಿ ಕಂಡ ಎಲೆಯೆಲ್ಲ ಅಂಗಳಕ್ಕೆ ಬಂತು. ಹಣ್ಣಾಗಿ ಉದುರಿದ್ದು, ಗೊಬ್ಬರ ಸಾಲದೆ ಹಳದಿಯಾದದ್ದು, ಬಿಸಿಲು ಹೊಡೆದದ್ದು. ಯಾವ ಬಳ್ಳಿಯದು ಎಂದು ಕೇಳಿದರೆ ‘ಆ ಕಡೆಯದು’ ಅನ್ನುತ್ತಿದ್ದರು. ಕೊಟ್ಟ ಮಾತಿಗೆ ಕೊಡಲೇಬೇಕಲ್ಲ. ಒಂದೇ ಮಳೆಗಾಲದಲ್ಲಿ ಹತ್ತು ಹನ್ನೆರಡು ಸಾವಿರ ಹೋಯಿತು. ಆ ವರ್ಷ ಮೆಣಸಿನ ದರವೂ ಕೆಜಿಗೆ ಮುನ್ನೂರೈವತ್ತರ ಹತ್ತಿರ ಬಿದ್ದಿತ್ತು. ಮನೆಯಲ್ಲಿ ಮಾತು ಕೇಳಬೇಕಾಯಿತು.

ಧಾರವಾಡದಲ್ಲಿ ಮನಃಶಾಸ್ತ್ರ ಓದುವ ಅಕ್ಕನ ಮಗಳು ದೀಪಾವಳಿಗೆ ಬಂದವಳು ಒಂದು ಪ್ರಯೋಗದ ಬಗ್ಗೆ ಹೇಳಿದಳು. 2008ರಲ್ಲಿ ಸ್ಕಾಟ್ಲೆಂಡಿನ ಶೀಲಾ ಕನ್ನಿಂಗ್‌ಹ್ಯಾಮ್ ಮತ್ತು ಜೊತೆಯವರು ಪ್ರಕಟಿಸಿದ್ದು. ಇಬ್ಬಿಬ್ಬರನ್ನು ಕೂರಿಸಿ ಅಂಗಡಿ ಸಾಮಾನಿನ ಚಿತ್ರದ ಕಾರ್ಡು ಕೊಡುತ್ತಾರೆ. ಇದು ನಿನ್ನ ಬುಟ್ಟಿ, ಅದು ಅವರ ಬುಟ್ಟಿ, ಅಷ್ಟೇ. ನಿಜವಾಗಿ ಯಾರಿಗೂ ಏನೂ ಸಿಗುವುದಿಲ್ಲ. ಆಮೇಲೆ ಕೇಳಿದರೆ ತಮ್ಮ ಬುಟ್ಟಿಗೆ ಬಿದ್ದದ್ದು ಜಾಸ್ತಿ ನೆನಪಿರುತ್ತದೆ. ನಾನು ನಂಬಲಿಲ್ಲ. ಅವತ್ತೇ ಸಂಜೆ ಮಗಳನ್ನೂ ತಮ್ಮನ ಮಗನನ್ನೂ ಜಗಲಿಯಲ್ಲಿ ಕೂರಿಸಿ ಎರಡು ಬುಟ್ಟಿ ಇಟ್ಟು ಅಡುಗೆಮನೆಯ ಸಾಮಾನು ಹಂಚಿದೆ. ಊಟ ಆದ ಮೇಲೆ ಕೇಳಿದೆ. ತಮ್ಮ ಬುಟ್ಟಿಯದು ಹತ್ತಕ್ಕೆ ಏಳರಷ್ಟು ಹೇಳಿದರು. ಇನ್ನೊಬ್ಬರದು ನಾಲ್ಕು ದಾಟಲಿಲ್ಲ. ಆಮೇಲೆ ಆಯಿಯನ್ನೂ ಅತ್ತಿಗೆಯನ್ನೂ ಕೂರಿಸಿದೆ. ಅಲ್ಲೂ ಹೆಚ್ಚುಕಡಿಮೆ ಹಾಗೇ ಬಂತು.

ಹಾಗಾದರೆ ಬಳ್ಳಿ ಹಂಚಿದರಾಯಿತು ಅಲ್ವಾ? ಹಂಚಿದೆ. ಪ್ರತಿಯೊಬ್ಬರಿಗೂ ಒಂದು ಪಟ್ಟೆ. ಈ ಕಡೆಯದು ನಿಮ್ಮದು, ಆ ಕಡೆಯದು ಇವರದು. ತಗಡಿನ ಮೇಲೆ ಹೆಸರನ್ನೂ ಬರೆಸಿದೆ. ಆ ಮಳೆಗಾಲದಲ್ಲೂ ಮೂವತ್ತರ ಮೇಲೆ ಬಳ್ಳಿ ಹೋದವು. ನಾನು ಹಂಚಿದ್ದೆ, ಅವರು ತಲೆ ಆಡಿಸಿದ್ದರು. ಬಳ್ಳಿ ನನ್ನದಾಗಿಯೇ ಉಳಿದಿತ್ತು. ಜಗಲಿಯ ಮೇಲೆ ಒಂದು ಸಂಜೆಗೆ ನಡೆದದ್ದು ತೋಟದಲ್ಲಿ ನಾಲ್ಕು ತಿಂಗಳ ಮಳೆಗೆ ನಿಲ್ಲಲಿಲ್ಲ.

ಆಗ ಅಮೆರಿಕದ ಮನಃಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಅವರ 1975ರ ಲಾಟರಿ ಪ್ರಯೋಗ ಗೊತ್ತಾಯಿತು. ಒಂದು ಡಾಲರಿನ ಟಿಕೆಟ್ಟು. ಕೆಲವರು ತಾವೇ ಆರಿಸಿ ತೆಗೆದುಕೊಂಡರು, ಕೆಲವರಿಗೆ ಸುಮ್ನೆ ಕೈಗೆ ಕೊಟ್ಟರು. ಆಮೇಲೆ ಮಾರುತ್ತೀರಾ ಎಂದು ಕೇಳಿದರೆ, ಕೈಗೆ ಕೊಟ್ಟವರು ಸರಾಸರಿ ಎರಡು ಡಾಲರಿನ ಹತ್ತಿರ ಹೇಳಿದರು. ತಾವೇ ಆರಿಸಿದವರು ಎಂಟೂವರೆ ದಾಟಿಸಿದರು. ಗೆಲ್ಲುವ ಸಾಧ್ಯತೆ ಎರಡಕ್ಕೂ ಒಂದೇ. ಅಕ್ಕನ ಮಗಳು ಫೋನಿನಲ್ಲಿ ಇದನ್ನು ಹೇಳಿದ ಕೂಡಲೇ ನನಗೆ ದಾರಿ ಕಂಡಿತು.

ಮುಂದಿನ ಬೇಸಿಗೆಯಲ್ಲಿ, ರೋಹಿಣಿ ಮಳೆಗೆ ಮೊದಲು, ಎಲ್ಲರನ್ನೂ ಕರೆದು ಬೇಕಾದ ಬಳ್ಳಿ ಆರಿಸಿಕೊಳ್ಳಿ ಎಂದೆ. ಖಾಯಂ ಬರುವ ಮೂವರು ಹೆಂಗಸರು, ಇಬ್ಬರು ಗಂಡಸರು, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ, ನನ್ನ ಹೆಂಡತಿ, ಮಗಳು, ಆಯಿ. ಒಬ್ಬರಿಗೆ ಹದಿನೈದರಿಂದ ಇಪ್ಪತ್ತು. ಆಯಿ ಐದೇ ಸಾಕು ಅಂದಳು, ಅಂಗಳಕ್ಕೆ ಹತ್ತಿರದವು. ಆರಿಸಿದ ಬಳ್ಳಿಗೆ ಅವರೇ ಬುಡ ಬಿಡಿಸಿ ಗೊಬ್ಬರ ಹಾಕಬೇಕು, ನೆಲಕ್ಕೆ ಹರಿದ ಹಬ್ಬು ಬಳ್ಳಿ ಅವರೇ ಎತ್ತಿ ಕಟ್ಟಬೇಕು, ಮೊದಲ ಬೋರ್ಡೋ ಅವರ ಕೈಯಿಂದಲೇ ಬೀಳಬೇಕು. ಇಳುವರಿಯಲ್ಲಿ ಬಳ್ಳಿಗೆ ಕಾಲು ಕೆಜಿ ಒಣಮೆಣಸು ಅವರದು.

ಆರಿಸುವುದಕ್ಕೆ ಅವರು ತೆಗೆದುಕೊಂಡ ಹೊತ್ತು ನೋಡಬೇಕಿತ್ತು. ಎರಡು ದಿನ ಹಿಡಿಯಿತು. ಬುಡ ಮುಟ್ಟಿ, ಮೇಲೆ ನೋಡಿ, ಹೋದ ವರ್ಷ ಎಷ್ಟು ಗೊಂಚಲು ಬಿಟ್ಟಿತ್ತು ಎಂದು ಲೆಕ್ಕ ಹಾಕಿ ಆರಿಸಿದರು. ಒಂದು ಬಳ್ಳಿಗೆ ಇಬ್ಬರು ಗಂಟುಬಿದ್ದರು. ಇಬ್ಬರಿಗೂ ಸೇರಿಸಿ ಕೊಟ್ಟೆ. ಅದು ಆಗಲಿಲ್ಲ. ಅವರು ನೋಡುತ್ತಾರೆ ಎಂದು ಇವರು, ಇವರು ನೋಡುತ್ತಾರೆ ಎಂದು ಅವರು. ಅದೇ ಬಳ್ಳಿ ಮೊದಲು ಸತ್ತಿತು. ಜಂಟಿ ಖಾತೆ ಬೇಡವೇ ಬೇಡ.

ಆರಿದ್ರಾ ಮಳೆಯ ಹೊತ್ತಿಗೆ ತೋಟದ ಮಾತೇ ಬೇರೆಯಾಯಿತು. ‘ನನ್ನ ಮೂಲೆ ಬಳ್ಳಿಗೆ ಎರಡು ಎಲೆ ಕಪ್ಪಾಗದೆ, ಕೆಳಗಿನಿಂದ ಮೂರನೇದು’ ಎಂದು ಬೆಳಿಗ್ಗೆ ಎಂಟಕ್ಕೇ ಸುದ್ದಿ ಬರುತ್ತಿತ್ತು. ನಿನ್ನೆ ಆ ಎಲೆ ಹೇಗಿತ್ತು ಎಂಬುದೂ ಅವರಿಗೆ ಗೊತ್ತು. ಕೊನೆಗೌಡ ಮರದ ತುದಿಯಲ್ಲಿ ಔಷಧಿ ಹೊಡೆಯುತ್ತಿದ್ದವನು ಅಲ್ಲಿಂದಲೇ ಕೂಗಿ ತನ್ನ ಬಳ್ಳಿಯ ಬುಡದಲ್ಲಿ ನೀರು ನಿಂತಿದೆ ಎಂದು ಹೇಳಿದ. ಆ ಬುಡದ ಮೇಲೆ ನಾನು ಆಗಷ್ಟೇ ಹಾದು ಬಂದಿದ್ದೆ. ಗದ್ದಲದಲ್ಲಿ ನಮ್ಮ ಹೆಸರು ಕಿವಿಗೆ ಬಿದ್ದರೆ ತಿರುಗಿ ನೋಡುತ್ತೇವಲ್ಲ, ಹಾಗೆ ತನ್ನ ಬಳ್ಳಿ ತಾನೇ ಕಣ್ಣಿಗೆ ಬೀಳತೊಡಗಿತ್ತು. ಹೆಸರಿನ ವಿಷಯವನ್ನು ನೆವಿಲ್ ಮೋರೆ ಎಂಬ ಮನಃಶಾಸ್ತ್ರಜ್ಞರು 1959ರಲ್ಲೇ ಪರೀಕ್ಷೆ ಮಾಡಿದ್ದಾರೆ. ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿದಾಗ, ಒಂದು ಕಿವಿಯ ಮಾತಿಗೆ ಗಮನ ಕೊಟ್ಟವರಿಗೆ ಇನ್ನೊಂದು ಕಿವಿಯಲ್ಲಿ ಹೇಳಿದ್ದು ಹೆಚ್ಚುಕಡಿಮೆ ಏನೂ ಗೊತ್ತಾಗಲಿಲ್ಲ. ಆದರೆ ತಮ್ಮ ಹೆಸರು ಬಂದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಕೇಳಿಸಿತು.

ಎರಡು ತೊಂದರೆ ಎದುರಾದವು. ಇವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಸಿಕ್ಕಿಬೀಳುತ್ತೀರಿ.

ಮೊದಲನೆಯದು, ತನ್ನದು ಎಂದರೆ ಚೆಂದವೇ ಕಾಣುತ್ತದೆ. ಮಚ್ಚೆ ಕಾಣುತ್ತಿತ್ತು, ಆದರೆ ‘ಅದು ಮಳೆ ಹನಿ ಬಿದ್ದದ್ದು, ರೋಗ ಅಲ್ಲ’ ಎಂದು ಸಮರ್ಥನೆ ಬರುತ್ತಿತ್ತು. ಬಳ್ಳಿ ಸತ್ತರೆ ಕಾಲು ಕೆಜಿ ಹೋಗುತ್ತದೆ ಎಂಬ ಹೆದರಿಕೆ ಬೇರೆ. ಆಗ ಒಂದು ನಿಯಮ ಮಾಡಿದೆ. ಮಚ್ಚೆ ಕಂಡ ದಿನವೇ ಹೇಳಿದರೆ, ಆಮೇಲೆ ಬಳ್ಳಿ ಸತ್ತರೂ ಕಾಲು ಕೆಜಿ ಸಿಗುತ್ತದೆ. ಹೇಳದೆ ಸತ್ತರೆ ಇಲ್ಲ. ರೋಗ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಬೇರೆಯವರು, ಬಳ್ಳಿಯ ಯಜಮಾನರಲ್ಲ. ಇದಾದ ಮೇಲೆ ಮುಚ್ಚಿಡುವುದು ನಿಂತಿತು.

ಎರಡನೆಯದು ಇನ್ನೂ ಕಷ್ಟದ್ದು. ಕಣ್ಣು ತನ್ನದಕ್ಕೆ ಅಂಟಿದರೆ ಪಕ್ಕದ್ದು ಕಾಣುವುದೇ ಇಲ್ಲ. ನಾಲ್ಕು ಮಾರು ಆಚೆ ಯಾರದ್ದೂ ಅಲ್ಲದ ಬಳ್ಳಿ ಪೂರ್ತಿ ಸೊರಗಿದ್ದರೂ ಯಾರೂ ಹೇಳಲಿಲ್ಲ. ಕೇಳಿದರೆ ಮತ್ತೆ ಅದೇ ಉತ್ತರ, ನೋಡಿದ ನೆನಪಿಲ್ಲ. ಮೊದಲಿಗಿಂತಲೂ ಜಾಸ್ತಿ ಕುರುಡಾಗಿದ್ದರು. ಸೊರಗಿನ ಬೀಜ ಮಣ್ಣಿನಲ್ಲಿ, ನೀರಿನಲ್ಲಿ, ಹನಿ ಸಿಡಿದು ದಾಟುವಂಥದ್ದು. ಪಕ್ಕದ ಬಳ್ಳಿ ಬಿಟ್ಟರೆ ನಮ್ಮದೂ ಉಳಿಯುವುದಿಲ್ಲ. ಇದಕ್ಕೆ ಎರಡು ವರ್ಷ ತಲೆ ಕೆಡಿಸಿಕೊಂಡೆ. ಕೊನೆಗೆ ಪಟ್ಟೆಯಾಗಿ ಆರಿಸಲು ಬಿಡದೆ, ಒಬ್ಬರ ಬಳ್ಳಿಗಳು ತೋಟದ ತುಂಬ ಚದುರಿರುವ ಹಾಗೆ ಮಾಡಿದೆ. ತನ್ನ ಬಳ್ಳಿಗೆ ಹೋಗಬೇಕಾದರೆ ಉಳಿದವರದ್ದನ್ನು ದಾಟಿಯೇ ಹೋಗಬೇಕು. ಆರಿಸುವ ಸ್ವಾತಂತ್ರ್ಯ ಹೋಗದ ಹಾಗೆ ಇದನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಸ್ವಂತ ಕಸುಬು. ಶನಿವಾರ ಸಂಜೆ ಚಾ ಕುಡಿಯುವಾಗ ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ, ಪಕ್ಕದ ಬಳ್ಳಿ ನೋಡುವ ಅಭ್ಯಾಸ ಅದರಿಂದಲೇ ಬಂತು. ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಒಂದು ತಮಾಷೆ ಪರೀಕ್ಷೆ ಮಾಡಿದೆ. ಎರಡನೇ ವರ್ಷ ಬಳ್ಳಿ ಅದಲು ಬದಲು ಮಾಡಿಕೊಳ್ಳಿ, ಬದಲಾಯಿಸಿದರೆ ನೂರು ಗ್ರಾಂ ಮೆಣಸು ಜಾಸ್ತಿ ಎಂದೆ. ಒಬ್ಬರೂ ಒಪ್ಪಲಿಲ್ಲ. ಅದಕ್ಕಿಂತ ಒಳ್ಳೆ ಬಳ್ಳಿ ತೋರಿಸಿದರೂ ಇಲ್ಲ. 1990ರಲ್ಲಿ ಕಾನೆಮನ್, ನೆಟ್ಷ್ ಮತ್ತು ಥೇಲರ್ ಎಂಬ ಸಂಶೋಧಕರು ಕಾಫಿ ಮಗ್ ಕೊಟ್ಟು ನೋಡಿದಾಗಲೂ, ಕೈಗೆ ಮಗ್ ಬಂದವರು ಕೊಳ್ಳುವವರಿಗಿಂತ ಎರಡು ಪಟ್ಟು ಬೆಲೆ ಕೇಳಿದ್ದರಂತೆ. ನಮ್ಮವರು ಬೆಲೆಯನ್ನೇ ಹೇಳಲಿಲ್ಲ.

ತಳಿ ಹೆಸರಿನಲ್ಲೂ ಇದನ್ನೇ ಕಂಡೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಸೀಮೆ ನಮ್ಮದು. ಆದರೂ ಮಗಳಿಗೆ ಕರಿಮಲ್ಲಿಗೆಸರಕ್ಕೂ ಬಿಳಿಮಲ್ಲಿಗೆಸರಕ್ಕೂ ವ್ಯತ್ಯಾಸ ಕಲಿಸಲು ವರ್ಷಗಟ್ಟಲೆ ಹೆಣಗಿದರೂ ಆಗಿರಲಿಲ್ಲ. ತನ್ನ ಪಾಲಿಗೆ ಎರಡೂ ಬಂದ ಮೇಲೆ ಒಂದು ತಿಂಗಳೊಳಗೆ ಎಲೆ ನೋಡಿ ಹೇಳತೊಡಗಿದಳು. ತನ್ನ ಪಾಲಿನಲ್ಲಿ ಇಲ್ಲದ ಪಣಿಯೂರು ಇವತ್ತಿಗೂ ಅವಳಿಗೆ ಗೊತ್ತಾಗುವುದಿಲ್ಲ. ಆಯಿಗೆ ಎಂಬತ್ತು ದಾಟಿದೆ. ಕನ್ನಡಕ ಎಲ್ಲಿಟ್ಟೆ ಎಂಬುದು ನೆನಪಿರುವುದಿಲ್ಲ. ತನ್ನ ಐದು ಬಳ್ಳಿಯಲ್ಲಿ ಯಾವುದಕ್ಕೆ ಯಾವ ದಿನ ಸುಣ್ಣ ಹಾಕಿಸಿದೆ ಎಂಬುದು ಬಾಯಲ್ಲೇ ಇದೆ. ಕನ್ನಡಕದ ಮರೆವು ಇದರಿಂದ ಕಡಿಮೆಯಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅಂಕೋಲೆಯ ಸ್ನೇಹಿತರೊಬ್ಬರು ಕರಿಈಶಾಡು ಮಾವಿನ ಕಸಿ ಗಿಡಗಳಿಗೆ ಇದೇ ಕ್ರಮ ಮಾಡಿದರು. ಒಬ್ಬೊಬ್ಬರಿಗೆ ಇನ್ನೂರು ಗಿಡ ಕೊಟ್ಟರು. ಏನೂ ಆಗಲಿಲ್ಲ. ನಾನೂ ಒಮ್ಮೆ ಪಾಲನ್ನು ನಲವತ್ತಕ್ಕೆ ಏರಿಸಿ ನೋಡಿದ್ದೆ, ಗಮನ ತೆಳುವಾಯಿತು. ಇಪ್ಪತ್ತು ದಾಟಿದರೆ ‘ನನ್ನ ಬಳ್ಳಿ’ ಹೋಗಿ ‘ನನ್ನ ಕೆಲಸ’ ಆಗುತ್ತದೆ. ಅವರಿಗೂ ಹಾಗೇ ಹೇಳಿದ್ದೇನೆ.

ಇನ್ನು ಲೆಕ್ಕ. ಯಜಮಾನರಿರುವ ಬಳ್ಳಿ ನೂರೈವತ್ತರ ಹತ್ತಿರ. ಬಳ್ಳಿಗೆ ಕಾಲು ಕೆಜಿಯಂತೆ ಮೂವತ್ತೇಳೆಂಟು ಕೆಜಿ. ಕೆಜಿಗೆ ಆರುನೂರು ಹಿಡಿದರೂ ಇಪ್ಪತ್ತೆರಡು ಸಾವಿರ ಕೈಬಿಡುತ್ತದೆ. ಇದನ್ನು ಕೇಳಿಯೇ ಜನ ಎದ್ದು ಹೋಗುತ್ತಾರೆ. ಆದರೆ ಮೊದಲು ನಲವತ್ತು ಹೋಗುತ್ತಿದ್ದಲ್ಲಿ ಈಗ ಹತ್ತರೊಳಗೆ ನಿಂತಿದೆ. ಉಳಿದ ಮೂವತ್ತು ಬಳ್ಳಿಗೆ ಒಂದೂವರೆ ಕೆಜಿಯಂತೆ ಹಿಡಿದರೆ ಒಂದು ವರ್ಷಕ್ಕೇ ಇಪ್ಪತ್ತೇಳು ಸಾವಿರ. ಸತ್ತ ಜಾಗದಲ್ಲಿ ಹೊಸ ಬಳ್ಳಿ ನೆಟ್ಟರೆ ಕಾಯಿಗೆ ಬರಲು ಮೂರು ನಾಲ್ಕು ವರ್ಷ ಬೇಕು, ಅಷ್ಟೂ ವರ್ಷದ ನಷ್ಟ ತಪ್ಪಿತು. ಯಜಮಾನರಿಲ್ಲದ ಬಳ್ಳಿಗಳೂ ಈಗ ಕಡಿಮೆ ಸಾಯುತ್ತಿವೆ, ದಾರಿಯಲ್ಲಿ ಸಿಗುತ್ತವಲ್ಲ. ಮಳೆ ಕಡಿಮೆ ಇತ್ತು, ಅದಕ್ಕೇ ಉಳಿಯಿತು ಎಂದು ಪಕ್ಕದ ಊರಿನವರು ಹೇಳಿದರು. ಮರುವರ್ಷ ಪುಷ್ಯ, ಆಶ್ಲೇಷ ಎರಡೂ ಬಿಡದೆ ಸುರಿದವು. ಅವರಲ್ಲಿ ಹೋಯಿತು, ನಮ್ಮಲ್ಲಿ ಉಳಿಯಿತು. ಬಂದು ನೋಡಬಹುದು.

ಈ ವರ್ಷ ಅಡಿಕೆಯ ಕೊಳೆರೋಗಕ್ಕೆ ಇದನ್ನು ಹಚ್ಚಿ ನೋಡುತ್ತಿದ್ದೇನೆ. ಸಾವಿರಾರು ಮರಕ್ಕೆ ಆಗುವುದಿಲ್ಲ, ನೂರು ಮರಕ್ಕೆ ಮಾತ್ರ. ಕೊನೆಗೌಡ ಆಗಲೇ ಹನ್ನೆರಡು ಮರ ಆರಿಸಿಕೊಂಡಿದ್ದಾನೆ. ಅದರಲ್ಲಿ ಆರಕ್ಕೆ ಗೊನೆಗೆ ಮಳೆ ತಾಗದ ಹಾಗೆ ಹೊದಿಸುವ ಕೊಟ್ಟೆ ಕಟ್ಟದೆ, ಔಷಧಿಯನ್ನೂ ಹೊಡೆಯದೆ ಬಿಟ್ಟು ಹೋಲಿಸಿ ನೋಡೋಣ ಎಂದೆ. ‘ನನ್ನ ಮರ ಬಿಡೂದಿಲ್ಲ, ನಿಮ್ಮದ್ರಲ್ಲೇ ಬಿಡಿ ಹೆಗಡೇರೆ’ ಎಂದ. ಹಾಗಾಗಿ ಹೋಲಿಕೆಗೆ ನನ್ನ ಪಾಲಿನ ಆರು ಮರ ಗುರುತು ಮಾಡಬೇಕು.